ಬೀಗರ ನಾಡಿನಲ್ಲಿ ಎರಡನೇ ಯುಗಾದಿ

ಇಳಿದ ದಿನ

ಕೊಲಂಬೊದಲ್ಲಿ ವಿಮಾನ ಇಳಿದಾಗ ಗಡಿಯಾರ ತಿದ್ದಬೇಕಾಗಲಿಲ್ಲ. ಶ್ರೀಲಂಕಾದ ಹೊತ್ತೂ ನಮ್ಮ ಹೊತ್ತೂ ಒಂದೇ. ನರಗುಂದದಲ್ಲಿ ನಮ್ಮ ಮನೆಯವರು ಚಹಾಕ್ಕೆ ನೀರಿಡುವ ಹೊತ್ತಿಗೇ ಇಲ್ಲಿ ಮಗಳ ಅತ್ತೆಯೂ ಚಹಾಕ್ಕೆ ನೀರಿಡುತ್ತಾರೆ ಎಂದು ತಿಳಿದಾಗ ಪರದೇಶದ ಅರ್ಧ ಭಯ ಅಲ್ಲೇ ಕಳೆಯಿತು. ನಾನು ಹತ್ತು ವರ್ಷ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಮಲಗಿದವಳು. ಆಮೇಲೆ ಮೂವತ್ತನಾಲ್ಕು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಂಟೆ ಹೊಡೆಸಿದವಳು. ಹೊತ್ತೊಂದು ಸರಿಯಿದ್ದರೆ ಉಳಿದದ್ದನ್ನು ಸಂಭಾಳಿಸುತ್ತೇನೆ.

ಮನೆಯವರು ಬರಲಿಲ್ಲ. ಅವರಿಗೆ ರೋಣಕ್ಕೆ ಬಸ್ಸಿನಲ್ಲಿ ಹೋದರೂ ವಾಂತಿ. "ನೀ ಹೋಗಿ ಬಾ. ನಾ ಬಂದ್ರ ಅವರು ನನ್ನ ನಡು ಸಮುದ್ರದಾಗ ಇಳಿಸಿ ಹೋಗ್ತಾರ" ಎಂದು ನನ್ನ ಪೆಟ್ಟಿಗೆಗೆ ಹಗ್ಗ ಬಿಗಿದು ಕಳಿಸಿದರು.

ಮಗಳು ಶಶಿ, ಅಳಿಯ ರುವನ್ ಇಬ್ಬರೂ ಆಯುರ್ವೇದದ ಡಾಕ್ಟರು. ನಮ್ಮ ಕಡೆಯ ಕಾಲೇಜಿನಲ್ಲಿ ಕೂಡಿ ಓದಿದರು. ಈಗ ಕ್ಯಾಂಡಿಯಿಂದ ಒಂದು ತಾಸು ಆಚೆ, ಗುಡ್ಡಗಳ ನಡುವಿನ ಅವನ ಊರಿನಲ್ಲಿದ್ದಾರೆ. ಅಳಿಯ ಕನ್ನಡ ಕಲಿತದ್ದು ಹಾಸ್ಟೆಲಿನ ಅಡಿಗೆಯವರಿಂದ ಮತ್ತು ಮೊಣಕಾಲು ನೋವಿನ ಅಜ್ಜಂದಿರಿಂದ. ಎಲ್ಲದಕ್ಕೂ 'ರಿ' ಹಚ್ಚುತ್ತಾನೆ. ಮನೆಯ ನಾಯಿಗೂ "ಹೊರಗ ಹೋಗ್ರಿ" ಎನ್ನುತ್ತಾನೆ.

ನನ್ನನ್ನು ಕರೆದವನು ಅವನು. ಫೋನಿನಲ್ಲಿ ಹೇಳಿದ್ದ: "ಅತ್ತಿ, ನಮ್ಮ ಹೊಸ ವರ್ಷಕ್ಕ ಬರ್ರಿ. ಖರೇ ಹೇಳ್ತೀನ್ರಿ, ಶಶಿ ಕರದಿಲ್ಲ. ನಾನ ಕರಿಯಾಕತ್ತೀನಿ. ಆಕಿಗೆ ಏಳನೇ ತಿಂಗಳು ನಡದೈತಿ."

ಎರಡು ವರ್ಷದ ಹಿಂದೆಯೂ ಶಶಿಗೆ ಏಳನೇ ತಿಂಗಳು ನಡೆದಿತ್ತು. ಆಗ ನಾನು ಅವಳನ್ನು ನರಗುಂದಕ್ಕೆ ಕರೆಸಿ ಕುಬಸ ಮಾಡಿದೆ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ಕಾರ್ಯ. ಸೀರೆಯನ್ನು ಗಜೇಂದ್ರಗಡದಲ್ಲಿ ಹೇಳಿ ನೇಯಿಸಿದ್ದೆ. ಲಕ್ಕಲಕಟ್ಟಿಯಿಂದ ಟೆಂಪೊ ತುಂಬ ನೆಂಟರು, ಮೆಣಸಗಿಯಿಂದ ನನ್ನ ತಂಗಿಯ ಮನೆಯವರು ಬಂದಿದ್ದರು. ಅಂದು ಬೆಳಿಗ್ಗೆ ಶಶಿ, "ಅವ್ವಾ, ನಡಾ ಭಾಳ ನೋಯಾಕತ್ತೈತಿ. ಒಂದೀಟು ಮಲಗ್ಲೇನು?" ಎಂದಳು. ಹನ್ನೊಂದೂ ಹತ್ತಕ್ಕೆ ಮುಹೂರ್ತವಿತ್ತು. "ಆಮ್ಯಾಲೆ ಮಲಗುವಂತಿ, ಏಳು" ಎಂದೆ. ನಾಲ್ಕು ತಾಸು ಕುರ್ಚಿಯ ಮೇಲೆ ಕೂಡಿಸಿದೆ. ಹನ್ನೆರಡನೇ ದಿನಕ್ಕೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಕೂಸು ಹೋಯಿತು.

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಲ್ಲಿಯ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಶಶಿಯೂ ನನಗೆ ಒಂದು ಮಾತು ಅನ್ನಲಿಲ್ಲ. ಆದರೆ ಅಂದಿನಿಂದ ಅವಳು ನನ್ನೊಡನೆ ಮಳೆ, ಅಡಿಗೆ, ಅಪ್ಪನ ಬಿ.ಪಿ. ಇವಿಷ್ಟೇ ಮಾತಾಡುತ್ತಾಳೆ. ಈ ಸಲ ಬಸುರಾದ ಸುದ್ದಿಯನ್ನು ಅವಳು ನನಗೆ ತಿಳಿಸಲೇ ಇಲ್ಲ.

ವಿಮಾನ ನಿಲ್ದಾಣದಲ್ಲಿ ಶಶಿ ಬಾಗಿ ಕಾಲು ಮುಟ್ಟಲು ಹೋದಳು, ನಾನು ತಡೆದೆ. "ಹ್ಯಾಂಗದೀ?" ಎಂದೆ. "ಅದೀನಿ" ಎಂದಳು. ನನ್ನ ಕೈ ತಾನಾಗಿ ಅವಳ ಹೊಟ್ಟೆಯ ಕಡೆ ಹೋಯಿತು. ಅವಳು ಬಗಲಲ್ಲಿದ್ದ ಚೀಲವನ್ನು ಮುಂದಕ್ಕೆ ಎಳೆದುಕೊಂಡಳು. ನಾನು ಕೈ ಹಿಂತೆಗೆದು, ಪೆಟ್ಟಿಗೆಯ ಹಗ್ಗ ಸರಿಮಾಡಿದೆ.

ರೊಟ್ಟಿಯ ಗತಿ

ರುವನ್‌ನ ತಾಯಿ, ಅಂದರೆ ನಮ್ಮ ಬೀಗತಿ, ನನಗಿಂತ ಎರಡು ವರ್ಷ ಚಿಕ್ಕವರು. ಅವರಿಗೆ ಸಿಂಹಳ ಬಿಟ್ಟರೆ ಬೇರೆ ಭಾಷೆ ಬರದು. ನನ್ನ ಇಂಗ್ಲಿಷನ್ನು ಕೇಳಿ ಅವರು ಸುಮ್ಮನೆ ನಗುತ್ತಿದ್ದರು. ಆದರೂ ಎರಡು ದಿನದಲ್ಲಿ ನಾವು ಕೈಸನ್ನೆಯಲ್ಲೇ ಸಂಸಾರದ ಎಲ್ಲ ಸುದ್ದಿ ಮಾತಾಡಿಕೊಂಡೆವು.

ನಾನು ಐವತ್ತು ಕಟಕ ರೊಟ್ಟಿ ಒಯ್ದಿದ್ದೆ. ಸಮುದ್ರ ದಾಟಿದರೂ ನಾಲ್ಕು ಮಾತ್ರ ಮುರಿದಿದ್ದವು. ಮರುದಿನ ಬೆಳಿಗ್ಗೆ ಅಡಿಗೆಮನೆಯಿಂದ ಕರಿದ ವಾಸನೆ ಬಂತು. ಹೋಗಿ ನೋಡಿದರೆ ಬೀಗತಿ ಅವನ್ನು ಹಪ್ಪಳವೆಂದು ತಿಳಿದು ಒಂದೊಂದಾಗಿ ಎಣ್ಣೆಗೆ ಬಿಡುತ್ತಿದ್ದಾರೆ! ರೊಟ್ಟಿ ಉಬ್ಬದಿದ್ದುದನ್ನು ಕಂಡು ನನ್ನ ಮುಖ ನೋಡಿ ಮರುಕಪಟ್ಟರು, 'ಪಾಪ, ಕೆಟ್ಟುಹೋಗಿವೆ' ಎನ್ನುವ ಹಾಗೆ.

ನಾನೇನೂ ಕಡಿಮೆಯಲ್ಲ. ಊಟಕ್ಕೆ ಕೂತಾಗ ಭರಣಿಯಲ್ಲಿದ್ದ ಕಂದು ಪುಡಿಯನ್ನು ನಮ್ಮ ಶೇಂಗಾ ಚಟ್ನಿಯ ತಂಗಿ ಎಂದೇ ತಿಳಿದು ಎರಡು ಚಮಚ ಅನ್ನಕ್ಕೆ ಹಾಕಿಕೊಂಡೆ. ತುತ್ತು ಬಾಯಿಯ ಹತ್ತಿರ ಹೋದಾಗ ರುವನ್ ಕೂಗಿದ: "ಅತ್ತಿ, ನಿಂದ್ರಿ! ಅದು ಒಣಮೀನ ಪುಡಿ ರಿ!" ಬೀಗತಿ ನನ್ನ ತಾಟನ್ನು ಎತ್ತಿಕೊಂಡು ಹೋಗಿ, ಮೂರು ಸಲ ತೊಳೆದು, ಒರೆಸಿ, ಹೊಸ ಅನ್ನ ಹಾಕಿ ತಂದಿಟ್ಟರು. ಆಮೇಲೆ ಆ ಭರಣಿ ನಾನಿರುವವರೆಗೂ ಅಡಿಗೆಮನೆಯಲ್ಲಿ ಕಾಣಲಿಲ್ಲ.

ಅಂದೇ ಮಧ್ಯಾಹ್ನ ಬೀಗತಿ ನನ್ನನ್ನು ಹಿತ್ತಲಿಗೆ ಕರೆದು, ಶಶಿಯ ಕೋಣೆ ತೋರಿಸಿ, ಕಣ್ಣು ಅಗಲಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಂತೆ ಮಾಡಿದರು. ನನಗೆ ತಿಳಿಯಲಿಲ್ಲ. ರುವನ್‌ನನ್ನು ಕೇಳಿದೆ.

"ಆಕಿ ಮಲಗೂದಿಲ್ರಿ ಅತ್ತಿ. ಕೂಸು ಒದಿಯೋದು ಎಲ್ಲಿ ನಿಂತೀತೋ ಅಂತ ಕೈ ಇಟಗೊಂಡು ಕುಂದರತಾಳ್ರಿ. ಕಣ್ಣು ಹತ್ತಿದ್ರ ಒಂದು ತಾಸು. ಮತ್ತ ಎದ್ದು ಕುಂದರತಾಳ. ನಾನೂ ಡಾಕ್ಟರ್, ಆಕೀನೂ ಡಾಕ್ಟರ್. ಏನ್ ಔಷಧ ಕೊಡ್ಲಿ ಹೇಳ್ರಿ?"

ಆ ಮನೆಯಲ್ಲಿ ಕೂಸಿಗಾಗಿ ಒಂದು ಬಟ್ಟೆಯಿಲ್ಲ, ಒಂದು ತೊಟ್ಟಿಲಿಲ್ಲ. ಕೂಸು ಎಂಬ ಮಾತೇ ಶಶಿಯ ಎದುರು ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಏನೂ ಮಾಡಬಾರದ ಹೊತ್ತು

ನಮ್ಮ ಯುಗಾದಿ ಮುಗಿದು ಕೆಲವು ದಿನಗಳಾಗಿದ್ದವು. ಅವರದು ಈಗ ಬಂತು. ಹಳೆಯ ವರ್ಷ ಮುಗಿದು ಹೊಸದು ಹುಟ್ಟುವ ನಡುವೆ ಅವರಲ್ಲಿ ಕೆಲವು ತಾಸುಗಳ ಒಂದು ಹೊತ್ತು ಇದೆ. ಆಗ ಒಲೆ ಹಚ್ಚಬಾರದು, ಕಸ ಹೊಡೆಯಬಾರದು, ಯಾವ ಕೆಲಸವನ್ನೂ ಮಾಡಬಾರದು. ನನಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅಂಗಳದಲ್ಲಿ ಬಿದ್ದಿದ್ದ ಎಲೆಯೊಂದನ್ನು ಎತ್ತಲು ಬಗ್ಗಿದೆ. ಬೀಗತಿ ಓಡಿಬಂದು ಕೈ ಹಿಡಿದರು.

"ಗುಡಿಗೆ ಹೋಗೋಣ್ರಿ. ಈ ಹೊತ್ತಿನ್ಯಾಗ ಎಲ್ಲಾರೂ ಅಲ್ಲೇ ಹೋಗತಾರ" ಎಂದ ರುವನ್.

ಬುದ್ಧನ ಗುಡಿ ಊರ ಹೊರಗೆ, ದೊಡ್ಡ ಅರಳಿ ಮರದ ಪಕ್ಕದಲ್ಲಿತ್ತು. ಅಂಗಳಕ್ಕೆಲ್ಲ ಮರಳು ಹರಡಿದ್ದರು. ಬಂದವರೆಲ್ಲರೂ ಬಿಳಿ ಉಟ್ಟಿದ್ದರು, ಮುದುಕರೂ ಮಕ್ಕಳೂ ಹೊಸದಾಗಿ ಮದುವೆಯಾದವರೂ. ಇಷ್ಟು ಮಂದಿ ಕೂಡಿದ ಕಡೆ ಇಷ್ಟು ನಿಶ್ಶಬ್ದವನ್ನು ನಾನು ಪರೀಕ್ಷೆಯ ಹಾಲಿನಲ್ಲೂ ಕಂಡಿಲ್ಲ. ಇಲ್ಲಿ ಮೇಲ್ವಿಚಾರಕರೂ ಇರಲಿಲ್ಲ. ಬಾಗಿಲಲ್ಲಿ ನನ್ನ ಕೈ ರೂಢಿಯಂತೆ ಗಂಟೆ ಹೊಡೆಯಲು ಮೇಲಕ್ಕೆ ಹೋಯಿತು. ಗಂಟೆ ಇರಲಿಲ್ಲ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಸವರಿಕೊಂಡೆ.

ಬುದ್ಧನ ಮುಂದೆ ಉದ್ದನೆಯ ಕಲ್ಲಿನ ಮೇಜು. ಅದರ ತುಂಬ ನೈದಿಲೆ, ದೇವಕಣಗಿಲೆ. ಬೀಗತಿ ತಮ್ಮ ಹೂವಿನ ತಟ್ಟೆಯನ್ನು ಇಡುವ ಮೊದಲು ಪಕ್ಕದವರ ಮುಂದೆ ಹಿಡಿದರು. ಗುರುತಿಲ್ಲದವರೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬರ ಪೂಜೆಯಲ್ಲಿ ಎಲ್ಲರಿಗೂ ಪಾಲು. ಈ ಪದ್ಧತಿ ನನ್ನ ಮನಸ್ಸಿಗೆ ಬಂತು.

ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ನಾನು ಕೈ ಮುಗಿದು ಎದ್ದೆ. ಗುಡಿಗೆ ಹೋಗಿ ಪ್ರಸಾದವಿಲ್ಲದೆ ಬರಬಾರದಲ್ಲ? ಪೂಜಾರಿ ಯಾರೂ ಕಾಣಲಿಲ್ಲ. ಮೇಜಿನ ತುದಿಯಲ್ಲಿ, ಉಳಿದ ಹೂಗಳಿಂದ ಬೇರೆಯಾಗಿ, ಒಂದೇ ಒಂದು ಪುಟ್ಟ ಬಿಳಿ ಹೂ ಇತ್ತು. ಅದನ್ನು ತೆಗೆದುಕೊಂಡು ಬಂದು ಶಶಿಯ ಮುಡಿಗೆ ಸಿಕ್ಕಿಸಲು ಹೋದೆ.

ಹಿಂದೆ ಕೂತ ಹೆಂಗಸೊಬ್ಬಳು ಉಸಿರು ಎಳೆದುಕೊಂಡಳು. ರುವನ್ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದ: "ಅತ್ತಿ, ಇಲ್ಲೆ ಕೊಟ್ಟದ್ದು ವಾಪಸ್ ತಗೊಳ್ಳಂಗಿಲ್ರಿ. ಪ್ರಸಾದ ಅನ್ನೋದು ಇಲ್ಲೆ ಇಲ್ಲ. ಹೂ ಬಾಡತಾವಲ್ಲ, ನಾವೂ ಹಂಗ ಅಂತ ನೆನಸಾಕ ಇಡತೀವ್ರಿ. ಬಾಡ್ಲಿ ಅಂತನ ಇಡೋದು."

ಹೂವನ್ನು ಇದ್ದಲ್ಲೇ ಇಡಬೇಕೆಂದು ತಿರುಗಿದೆ. ಶಶಿ ಕೈ ಚಾಚಿ ಅದನ್ನು ತೆಗೆದುಕೊಂಡಳು.

"ಕೊಡವ್ವಾ. ಇದು ನಾ ಇಟ್ಟಿದ್ದು."

"ನೀನು? ನಿಮ್ಮತ್ತಿ ತಟ್ಟೆಯೊಳಗ ಇಡಲಿಲ್ಲೇನು?"

"ಅದು ಎಲ್ಲಾರದು. ಇದು ಬ್ಯಾರೆ. ಎರಡು ವರ್ಷ ಆತು, ಹುಣ್ಣಿವಿಗೊಮ್ಮೆ ಬಂದು ಒಂದು ಬ್ಯಾರೆ ಇಡತೀನಿ, ಇವತ್ತೂ ಇಟ್ಟೆ. ಹೋದದ್ದರ ಹೆಸರಿಲೆ."

ಆ ಕೂಸಿಗೆ ನಾವು ಹೆಸರಿಟ್ಟಿರಲಿಲ್ಲ. ಅದರ ಹೆಸರಿನಲ್ಲಿ ನರಗುಂದದಲ್ಲಿ ನಾನು ಒಂದು ಹೂವನ್ನೂ ಎಲ್ಲಿಯೂ ಇಟ್ಟಿರಲಿಲ್ಲ. ಅವಳಿಗೆ ನೆನಪಾಗಬಾರದೆಂದು ಕುಬಸದ ಫೋಟೊಗಳನ್ನು ಟ್ರಂಕಿನ ತಳಕ್ಕೆ ಹಾಕಿ, ಕೆಲಸ ಅಚ್ಚುಕಟ್ಟಾಯಿತು ಎಂದುಕೊಂಡಿದ್ದೆ.

"ಶಶಿ, ಆ ದಿನ ನಾನು" ಎಂದು ಶುರುಮಾಡಿದೆ.

"ಇಲ್ಲೆ ಬ್ಯಾಡವ್ವಾ. ಮಂದಿ ಕುಂತಾರ" ಎಂದಳು. ಸಿಟ್ಟಿನಿಂದಲ್ಲ. ನಿಧಾನವಾಗಿ ಎದ್ದು ಹೋಗಿ ಹೂವನ್ನು ಮೇಜಿನ ತುದಿಗೆ ಇಟ್ಟು ಬಂದಳು.

ಹಾಲು ಉಕ್ಕಿದ ನಿಮಿಷ

ಮರುದಿನದ ಬೆಳಗು ನನಗೆಂದೇ ಮಾಡಿದ ಹಾಗಿತ್ತು. ಆ ದೇಶದಲ್ಲಿ ಹೊಸ ವರ್ಷದ ಒಲೆಯನ್ನು ಎಲ್ಲ ಮನೆಗಳಲ್ಲಿಯೂ ಒಂದೇ ನಿಮಿಷಕ್ಕೆ ಹಚ್ಚುತ್ತಾರೆ. ಯಾವ ಬಣ್ಣದ ಬಟ್ಟೆ, ಯಾವ ದಿಕ್ಕಿಗೆ ಮುಖ ಎಂಬುದನ್ನೂ ಪಂಚಾಂಗದವರು ಮೊದಲೇ ಸಾರಿರುತ್ತಾರೆ. ಎರಡು ನಿಮಿಷ ಮೊದಲೇ ನಾವು ಹೊಸ ಗಡಿಗೆಯ ಮುಂದೆ ನಿಂತಿದ್ದೆವು. ಹೊತ್ತು ಬಂದ ಕೂಡಲೇ ಬೀಗತಿ ಬೆಂಕಿ ಇಟ್ಟರು. ಕಣಿವೆಯ ಎಲ್ಲ ಮನೆಗಳಿಂದ ಪಟಾಕಿ ಹಾರಿತು. ಹಾಲು ಉಕ್ಕಿ ನಾಲ್ಕೂ ಕಡೆ ಸುರಿಯಿತು. ಹಾಲು ಉಕ್ಕಿದರೆ ನಮ್ಮಲ್ಲಿ ಬೈಯುತ್ತಾರೆ. ಇಲ್ಲಿ ಉಕ್ಕುವವರೆಗೂ ಕಾಯ್ದು ಚಪ್ಪಾಳೆ ತಟ್ಟುತ್ತಾರೆ.

ಫೋನಿನಲ್ಲಿ ಮನೆಯವರಿಗೆ ಹೇಳಿದೆ: "ಇಡೀ ದೇಶಾನ ಒಂದ ನಿಮಿಷಕ್ಕ ಒಲಿ ಹಚ್ಚತೈತ್ರಿ!"

"ಹಂಗಾರ ನೀ ಅಲ್ಲೇ ಇರು. ನಿನ್ನಂಥಾರ ಊರು ಕಡೀಗೂ ಸಿಕ್ತಲ್ಲ" ಎಂದರು. ಆಮೇಲೆ ದನಿ ಇಳಿಸಿ, "ಶಶಿ ಮಾತಾಡಿದಳೇನು?" ಎಂದರು.

"ಇನ್ನೂ ಇಲ್ರಿ" ಎಂದೆ.

ಹಾಲಲ್ಲಿ ಬೇಯಿಸಿದ ಅನ್ನವನ್ನು ತಟ್ಟಿ, ಶಂಕರಪೋಳಿಯ ಹಾಗೆ ಓರೆಯಾಗಿ ಕೊಯ್ದು ಕೊಟ್ಟರು. ಜೊತೆಗೆ ಅಕ್ಕಿಹಿಟ್ಟಿನ ಒಂದು ಕರಿದ ಸಿಹಿ, ನಮ್ಮ ಅತ್ರಾಸಕ್ಕೆ ಜುಟ್ಟು ಬಿಟ್ಟ ಹಾಗಿತ್ತು. ಶಶಿ ಅರ್ಧ ತಿಂದು ತಟ್ಟೆ ಸರಿಸಿದಳು. ಅವಳ ಕಣ್ಣ ಕೆಳಗೆ ಕಪ್ಪಿತ್ತು.

ಆನೆಯ ಕಣ್ಣು

ಮಾರನೇ ದಿನ ಪಕ್ಕದ ಊರಿನಲ್ಲಿ ಹೊಸ ವರ್ಷದ ಆಟಗಳು. ಗದ್ದೆಯ ಬಯಲಲ್ಲಿ ಹಗ್ಗ ಜಗ್ಗಾಟ, ಗಡಿಗೆ ಒಡೆಯುವ ಆಟ, ಹೆಂಗಸರಿಗೆ ತೆಂಗಿನಕಾಯಿ ತುರಿಯುವ ಪಂದ್ಯ. ನಾನು ಹೆಡ್‌ಮಿಸ್ಟ್ರೆಸ್ ಎಂದು ರುವನ್ ಹೇಳಿಬಿಟ್ಟ. ಕೂಡಲೇ ನನ್ನ ಕೈಗೆ ಸೀಟಿ ಕೊಟ್ಟು ತೆಂಗಿನಕಾಯಿ ಪಂದ್ಯಕ್ಕೆ ನಿಲ್ಲಿಸಿದರು. ಸೀಟಿ ಊದುವ ಮೊದಲೇ ಶುರುಮಾಡಿದ ಇಬ್ಬರನ್ನು ಹೊರಗೆ ಹಾಕಿದೆ. ಅವರಲ್ಲಿ ಒಬ್ಬರು ನಮ್ಮ ಬೀಗತಿ. ಅವರು ಸೊಂಟಕ್ಕೆ ಕೈಯಿಟ್ಟು ಸಿಂಹಳದಲ್ಲಿ ಏನೋ ಅಂದರು, ಬಯಲೆಲ್ಲ ನಕ್ಕಿತು.

"ಏನಂದ್ರಪಾ?" ಎಂದು ಕೇಳಿದೆ.

"ಬ್ಯಾಡ್ರಿ ಅತ್ತಿ. ರಾತ್ರಿ ಊಟ ಇಲ್ಲಂತ ನಿಮಗ" ಎಂದ ರುವನ್.

ಆಮೇಲೆ ಹಲಗೆಯ ಮೇಲೆ ಬರೆದ ಆನೆಗೆ ಕಣ್ಣು ಕಟ್ಟಿಕೊಂಡು ಹೋಗಿ ಕಣ್ಣು ಇಡುವ ಆಟ. ಬೀಗತಿ ಸೇಡು ತೀರಿಸಲು ನನ್ನನ್ನೇ ದೂಡಿದರು. ಹದಿನೆಂಟು ಹೆಜ್ಜೆ ಎಂದು ಮೊದಲೇ ಅಳೆದುಕೊಂಡಿದ್ದೆ. ಬಟ್ಟೆ ಕಟ್ಟಿ ಮೂರು ಸುತ್ತು ತಿರುಗಿಸಿ ಬಿಟ್ಟರು. ನೆಟ್ಟಗೆ ನಡೆದು, ಧೈರ್ಯವಾಗಿ ಸುಣ್ಣದಲ್ಲಿ ಒಂದು ದುಂಡನೆಯ ಕಣ್ಣು ಬರೆದೆ. ಬಟ್ಟೆ ಬಿಚ್ಚಿದಾಗ ಅದು ಬಾಲದ ಕೆಳಗಿತ್ತು.

ಹಿಂದಿನಿಂದ ಒಂದು ನಗು ಕೇಳಿತು. ಶಶಿ ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ. "ಅವ್ವಾ, ಸಾಲಿ ತುಂಬ ನಿನಗ ಬೆನ್ನ ಹಿಂದನೂ ಕಣ್ಣದಾವು ಅಂತಿದ್ರು! ಈಗ ಆನೀಗೂ ಹಚ್ಚಿದೆಲ್ಲಾ!"

ಹತ್ತಿರ ಕೂತ ಒಬ್ಬ ಮುದುಕಿ ಅವಳ ಹೊಟ್ಟೆ ನೋಡಿ ಬೆರಳು ಮಡಚಿ ತೋರಿಸಿದಳು, ಎಷ್ಟು ತಿಂಗಳು ಎಂದು. ಶಶಿಯ ನಗು ಅಲ್ಲೇ ನಿಂತಿತು. "ಹೊತ್ತಾತು, ಹೋಗೋಣ" ಎಂದು ಎದ್ದಳು.

ಎಣ್ಣೆಯ ದಿನ

ಹೊಸ ವರ್ಷದ ಕೊನೆಯ ಕಾರ್ಯ ತಲೆಗೆ ಎಣ್ಣೆ ಹಚ್ಚುವುದು. ಗಿಡಮೂಲಿಕೆ ಹಾಕಿ ಕಾಸಿದ ಎಣ್ಣೆಯನ್ನು ಮನೆಯ ಹಿರಿಯರು ಎಲ್ಲರ ತಲೆಗೂ ಹಚ್ಚಿ ಹರಸಬೇಕು; ವರ್ಷವಿಡೀ ಆರೋಗ್ಯ ಇರಲಿ ಎಂದು. ಅದಕ್ಕೂ ನಿಮಿಷ ಗೊತ್ತುಮಾಡಿರುತ್ತಾರೆ. ನಾವು ಹೋದದ್ದು ಕೆರೆಯ ದಂಡೆಯ ಹಳೆಯ ವಿಹಾರಕ್ಕೆ. ಎಣ್ಣೆ ಕಾಸುವುದು ಅಲ್ಲಿಯೇ. ಮನೆಯಲ್ಲಿ ನಾನೇ ಹಿರಿಯಳು, ಆದ್ದರಿಂದ ಶಶಿಗೆ ನಾನೇ ಹಚ್ಚಬೇಕು ಎಂದು ಬೀಗತಿ ಹಿಂದಿನ ದಿನವೇ ತೀರ್ಮಾನ ಮಾಡಿದ್ದರು. ಶಶಿ ಒಣಗಿದ ಬಟ್ಟೆ ತರಲು ಎದ್ದು ಹೋದಳು.

ತಡವಾಗಬಾರದೆಂದು ನಾನು ಎಲ್ಲರನ್ನೂ ಒಂದು ತಾಸು ಮುಂಚೆ ಹೊರಡಿಸಿದ್ದೆ. ನಾಲ್ಕೂ ಕಡೆ ತೆರೆದ ಮಂಟಪದಲ್ಲಿ ಚಾಪೆ ಹಾಸಿದ್ದರು. ಕೆರೆಯ ಮೇಲಿನಿಂದ ತಂಪು ಗಾಳಿ. ಶಶಿ ಕಂಬಕ್ಕೆ ಒರಗಿದಳು. ಕುತ್ತಿಗೆ ವಾಲಿತು, ಎಚ್ಚರವಾಯಿತು, ಮತ್ತೆ ವಾಲಿತು. ನಾನು ಹತ್ತಿರ ಸರಿದು ಕೂತೆ. ಮೂರನೇ ಸಲ ವಾಲಿದಾಗ ಅವಳ ತಲೆ ನನ್ನ ಭುಜಕ್ಕೆ ಬಂತು, ಅಲ್ಲಿಂದ ತೊಡೆಗೆ ಇಳಿಯಿತು. ಅಲ್ಲೇ ಮಲಗಿಬಿಟ್ಟಳು. ಬಾಯಿ ಸ್ವಲ್ಪ ತೆರೆದಿತ್ತು, ಚಿಕ್ಕಂದಿನ ಹಾಗೆ. ಕೈಗಳೆರಡೂ ಹೊಟ್ಟೆಯಿಂದ ಜಾರಿ ಚಾಪೆಯ ಮೇಲೆ ಬಿದ್ದಿದ್ದವು.

ಹೊತ್ತು ಬಂತು. ಅಂಗಳದಲ್ಲಿ ಮಂದಿ ಸಾಲುಗಟ್ಟಿದರು. ಬೀಗತಿ ಪುಟ್ಟ ಬಟ್ಟಲಿನಲ್ಲಿ ಎಣ್ಣೆ, ಒಂದು ಹಿಡಿ ಎಲೆ ತಂದರು. ಶಶಿಯನ್ನು ಕಂಡು ನಿಂತರು.

"ಅತ್ತಿ, ಹೊತ್ತಾತ್ರಿ. ಎಬ್ಬಿಸ್ಲೇನ್ರಿ?" ಎಂದ ರುವನ್.

"ಬ್ಯಾಡ."

"ಇದು ದಾಟಿದ್ರ ಮುಂದಿನ ವರ್ಷಾನ ರಿ. ನೀವ ಒಂದು ತಾಸು ಮೊದಲ ಹೊರಡಿಸಿದ್ರಿ..."

"ಗೊತ್ತೈತಿ. ಮಲಗ್ಲಿ."

ಅವನು ತಾಯಿಗೆ ಹೇಳಿದ. ಬೀಗತಿ ನನ್ನನ್ನು ನೋಡಿದರು, ಸಾಲಿನ ಕಡೆ ನೋಡಿದರು. ಆಮೇಲೆ ತಾವೂ ಚಾಪೆಯ ಮೇಲೆ ಕೂತು, ಧೂಳು ಬೀಳದಂತೆ ಬಟ್ಟಲಿನ ಮೇಲೆ ಅಂಗೈ ಮುಚ್ಚಿಕೊಂಡರು. ಮಂಟಪದ ಧ್ವನಿವರ್ಧಕದಲ್ಲಿ ಯಾರೋ ಏನೋ ಹೇಳಲು ಶುರುಮಾಡಿದರು. ಅತ್ತ ಹೋಗುತ್ತಿದ್ದ ವಯಸ್ಸಾದ ಭಿಕ್ಷುವೊಬ್ಬರು ನಮ್ಮನ್ನು ನೋಡಿ, ಹೋಗಿ ಅದನ್ನು ಬಂದ್ ಮಾಡಿಸಿದರು. ನನ್ನ ಕಾಲು ಜೋಮು ಹಿಡಿಯಿತು. ಸಾಲು ಕರಗಿತು, ಮಂದಿ ಒಬ್ಬೊಬ್ಬರಾಗಿ ಮನೆಗೆ ಹೋದರು. ಶಶಿ ಎರಡು ತಾಸಿಗಿಂತ ಹೆಚ್ಚು ಮಲಗಿದ್ದಳು.

ಎದ್ದವಳು ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟು ಒದೆತಕ್ಕೆ ಕಾದಳು. ಮುಖ ಸಡಿಲಾಯಿತು. ಆಮೇಲೆ ಖಾಲಿ ಅಂಗಳ ನೋಡಿದಳು.

"ಮುಗದ ಹೋತೇನು? ಯಾಕ ಎಬ್ಬಿಸಲಿಲ್ಲ?"

"ಮಲಗಿದ್ದಿ."

"ಮುಹೂರ್ತ?"

"ಹೋತು."

ಅವಳು ನನ್ನನ್ನೇ ನೋಡುತ್ತ ಕೂತಳು. ಗುಡಿಯಲ್ಲಿ ಅರ್ಧಕ್ಕೆ ನಿಂತಿದ್ದ ಮಾತನ್ನು ನಾನು ಮುಗಿಸಿದೆ. "ಆಗೂ ನಿನ್ನ ಮಲಗಾಕ ಬಿಡಬೇಕಿತ್ತು ಶಶಿ. ನಂದು ತಪ್ಪಾತು."

ಅವಳು ಸರಿದು ಬಂದು ನನ್ನ ಮುಂದೆ ತಲೆ ಬಗ್ಗಿಸಿದಳು. ಬೀಗತಿ ಬಟ್ಟಲು ಚಾಚಿ, ತಮ್ಮ ಪದ್ಧತಿಯಂತೆ ಅವಳ ಕಾಲ ಕೆಳಗೆ ಒಂದು ಎಲೆ, ನೆತ್ತಿಯ ಮೇಲೆ ಒಂದು ಎಲೆ ಇಟ್ಟರು. ನಾನು ಎಣ್ಣೆ ಹಚ್ಚಿದೆ. ಅವರ ಮಂತ್ರ ನನಗೆ ಬಾರದು. "ನೂರು ವರ್ಷ ಬಾಳವ್ವಾ" ಎಂದೆ. ಆಮೇಲೆ ಬೀಗತಿಗೆ ಹಚ್ಚಿದೆ, ಅಳಿಯನಿಗೆ ಹಚ್ಚಿದೆ.

"ಎಲ್ಲಾರದೂ ಆತಲ್ಲ, ಏಳ್ರಿ" ಎಂದು ಸೆರಗಿಗೆ ಕೈ ಒರೆಸಲು ಹೋದೆ.

"ಇನ್ನೊಬ್ರು ಉಳದಾರ" ಎಂದಳು ಶಶಿ. ನನ್ನ ಎಣ್ಣೆಗೈಯನ್ನು ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಏನೋ ಹೊರಳಿ ನನ್ನ ಅಂಗೈಗೆ ತಾಗಿತು. ಅಲ್ಲಿಯೇ ಎಣ್ಣೆ ಹಚ್ಚತೊಡಗಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಕೆಳಕ್ಕೆ ಸರಿಸಿದಳು.

"ಅಲ್ಲೆ ಅಲ್ಲವ್ವಾ, ಅದು ಕಾಲು. ತಲಿ ಇಲ್ಲೈತಿ ನೋಡು."